ಅಂಚೆಯಲ್ಲಿ ಪ್ರತಿನಿಧಿವಿಚಾರವು

ಅಂಚೆ ಎಂಬ ಶಬ್ದಕ್ಕೆ ಕನ್ನಡದಲ್ಲಿ ಎರಡು ಅರ್ಥಗಳು ಪ್ರಸಿದ್ಧವಾಗಿವೆ. ಒಂದು ಹಂಸಪಕ್ಷಿ; ಇದು ಸಂಸ್ಕೃತದ ಹಂಸಶಬ್ದದ ತದ್ಭವವೆಂಬುದನ್ನು ಹಳಗನ್ನಡ ಬಲ್ಲವರೆಲ್ಲರೂ ತಿಳಿದಿರುವರು. ಇನ್ನೊಂದು ಕಾಗದಪತ್ರಗಳನ್ನು ಊರಿಂದೂರಿಗೆ ಸಾಗಿಸುವ ಏರ್ಪಾಡು. ನಳದಮಯಂತಿಯರ ಕಥೆಯಲ್ಲಿ ಹಂಸವು ದೂತಕಾರ್ಯವನ್ನು ನಡೆಯಿಸಿದುದನ್ನು ನೆನೆದು, ಎರಡನೆಯ ಅರ್ಥವು ಮೊದಲನೆಯದರಿಂದಲೇ ಹುಟ್ಟಿತೆಂದು ಹೇಳುವ ರಸಿಕರುಂಟು. ಕಲ್ಪನೆಯು ಮನೋಹರವಾದುದೇ ಸರಿ. ಆದರೆ ಧ್ವನಿಸಾಮ್ಯಮಾತ್ರದಿಂದ ವ್ಯುತ್ಪತ್ತಿಯನ್ನು ನಿಶ್ಚಯಿಸುವುದು ಶಾಸ್ತ್ರಸಮ್ಮತವಲ್ಲ. ಅದಂತಿರಲಿ. ಪ್ರಕೃತದಲ್ಲಿ ವಿಚಾರ್ಯವಾದುದು ಶಬ್ದವಲ್ಲ, ಅದರ ಹಿಂದಿರುವ ವ್ಯವಹಾರ. ಕಾಗದವು ಸೇರಬೇಕಾದ ಮನೆಯ ಬಾಗಿಲು ಮುಚ್ಚಿದ್ದ ಪಕ್ಷದಲ್ಲಿ ಅದನ್ನು ಯಾರು, ಎಷ್ಟು ದಿನ, ಯಾವ ಅಧಿಕಾರದಿಂದ ತಮ್ಮಲ್ಲಿಟ್ಟುಕೊಂಡಿರಬೇಕು? ಅರಸರ ಅಂಚೆ ಚಾವಡಿಯಲ್ಲಿ ಎದ್ದ ಈ ಪ್ರಶ್ನೆಯೇ ಇಂದು ಗಿರಾಕಿಗಳ ಮಿಂಚಂಚೆಯನ್ನು ನೋಡಿಕೊಳ್ಳುವ ಸಣ್ಣ ಸರ್ವರುದಾರನ ಮುಂದೆಯೂ ಇದೆ. ಕಾಲವೂ ಉಪಕರಣವೂ ಬದಲಾದರೂ ಪ್ರಶ್ನೆಯು ಬದಲಾಗಿಲ್ಲ.

ಮೈಸೂರು ಸಂಸ್ಥಾನದಲ್ಲಿ ಅಂಚೆಯನ್ನು ಕ್ರಮಪಡಿಸಿದ ಕೀರ್ತಿಯು ೧೬೭೩ರಿಂದ ೧೭೦೪ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರಿಗೆ ಸಲ್ಲುತ್ತದೆ. ಅವರ ಅಠಾರ ಕಚೇರಿಯ ಹದಿನೆಂಟು ಚಾವಡಿಗಳಲ್ಲಿ ಅಂಚೆ ಚಾವಡಿಯೂ ಒಂದೆಂದು ಪರಂಪರೆಯು ಹೇಳುತ್ತದೆ. ಆದರೆ ಶಿವಮೊಗ್ಗೆಯ ಸೀಮೆಯು ಆ ಕಾಲದಲ್ಲಿ ಮೈಸೂರಿಗೆ ಸೇರಿರಲಿಲ್ಲವೆಂಬುದನ್ನು ಮರೆಯಕೂಡದು. ಅದು ಕೆಳದಿಯ ಅರಸರ ಕೈಯಲ್ಲಿತ್ತು. ರಾಣಿ ಚೆನ್ನಮ್ಮಾಜಿಯು ಚಿಕ್ಕದೇವರಾಜರ ಸಮಕಾಲೀನೆ. ೧೭೬೩ರಲ್ಲಿ ಹೈದರಾಲಿಯು ಬಿದನೂರನ್ನು ಹಿಡಿದ ಮೇಲೆಯೇ ಮೈಸೂರಿನ ಆಡಳಿತವೂ ಅದರೊಡನೆ ಮೈಸೂರಿನ ಅಂಚೆಯೂ ತುಂಗೆಯ ತೀರಕ್ಕೆ ಬರಲು ಅವಕಾಶವಾಯಿತು. ಆದಕಾರಣ ಶಿವಮೊಗ್ಗೆಯ ಅಂಚೆಗೆ ಚಿಕ್ಕದೇವರಾಜರನ್ನೇ ನೇರವಾಗಿ ಸ್ಥಾಪಕರೆಂದು ಬರೆಯುವುದು ಅಷ್ಟು ಸಮಂಜಸವಲ್ಲ.

ಅಂಚೆಯವನು ಒಂದು ಮಜಲಿನಿಂದ ಮುಂದಿನ ಮಜಲಿಗೆ ಚೀಲವನ್ನು ಹೊತ್ತು ಓಡುವನು. ಅಲ್ಲಿ ಇನ್ನೊಬ್ಬನು ಅದನ್ನು ತೆಗೆದುಕೊಳ್ಳುವನು. ಮೊದಲನೆಯವನಿಗೆ ಕೊನೆಯ ಊರನ್ನು ನೋಡುವ ಅಗತ್ಯವೇ ಇಲ್ಲ. ತನ್ನ ಕೈಯಿಂದ ಮುಂದಿನ ಕೈಗೆ ಸುರಕ್ಷಿತವಾಗಿ ಹೋಯಿತೆಂದರೆ ಅವನ ಹೊಣೆಯು ತೀರಿತು. ಮಲೆನಾಡಿನಲ್ಲಿ ಮಳೆಗಾಲವು ಬಂದಿತೆಂದರೆ ಹೊಳೆಗಳು ತುಂಬಿ ದಾರಿ ಕಟ್ಟುವುದು ಇಂದಿಗೂ ಕಂಡ ಮಾತೇ. ಸೇತುವೆಗಳಿಲ್ಲದ ಕಾಲದಲ್ಲಿ ನೀರಿಳಿಯುವವರೆಗೆ ಚೀಲವು ಈಚೆ ದಡದಲ್ಲಿಯೇ ಕಾಯಬೇಕಾಗಿತ್ತು. ಅಂದರೆ ಅಂಚೆಯೆಂಬುದು ಓಡುವ ವ್ಯವಸ್ಥೆಯಾಗಿರುವಷ್ಟೇ ಕಾಯುವ ವ್ಯವಸ್ಥೆಯೂ ಆಗಿದೆ. ಈ ಕಾಯುವಿಕೆಯನ್ನು ಯಾರೂ ಹಾಡಿ ಹೊಗಳಲಿಲ್ಲವಾದರೂ, ಪತ್ರವು ನಷ್ಟವಾಗದೆ ಉಳಿದುದು ಇದರಿಂದಲೇ.

ಕಾಯುವವನ ಕೈಯಲ್ಲಿ ಪತ್ರವಿರುವಾಗ ಅದನ್ನು ಅವನು ಓದಲೂಬಹುದು. ಮೈಸೂರಿನ ಚರಿತ್ರೆಯನ್ನು ಬರೆದ ವಿಲ್ಕ್ಸನು ಅಂಚೆಯನ್ನು ಕುರಿತು ಹೇಳುವಾಗ, ಅದು ಕಾಗದ ಸಾಗಿಸುವ ಏರ್ಪಾಡು ಮಾತ್ರವಾಗಿರದೆ, ಅಂಚೆಯ ಅಧಿಕಾರಿಗಳು ತಮ್ಮ ತಮ್ಮ ಸೀಮೆಯ ಗುಟ್ಟುಗಳನ್ನು ಅರಮನೆಗೆ ತಿಳಿಸುವ ಆಪ್ತಚಾರರೂ ಆಗಿದ್ದರೆಂದು ಬರೆದಿರುವನು. ಹೈದರನೂ ಟಿಪ್ಪುವೂ ಇದನ್ನು ಮುಂದುವರಿಸಿದರು. ವಿಲ್ಕ್ಸನು ಇಂಗ್ಲಿಷರ ಪಕ್ಷದವನಾದುದರಿಂದ ಅವನ ಮಾತಿನಲ್ಲಿ ಸ್ವಲ್ಪ ಅತಿಶಯವಿರಬಹುದು; ಆದರೂ ಒಡೆಯನಲ್ಲದವನು ಪತ್ರವನ್ನು ಹಿಡಿದಿಟ್ಟುಕೊಂಡಿರುವ ಪ್ರತಿಯೊಂದು ವ್ಯವಸ್ಥೆಯಲ್ಲಿಯೂ ಈ ದೋಷಕ್ಕೆ ಅವಕಾಶವುಂಟೆಂಬುದು ನಿರ್ವಿವಾದ. ಮುಂದೆ ಇದರ ಪ್ರಸ್ತಾಪವು ಮತ್ತೆ ಬರುವುದು.

ಮೈಸೂರಿನ ಅಂಚೆಯು ೧೮೮೯ರಲ್ಲಿ, ಚಾಮರಾಜೇಂದ್ರ ಒಡೆಯರ ಆಳಿಕೆಯಲ್ಲಿಯೂ ಶೇಷಾದ್ರಿ ಅಯ್ಯರವರ ದಿವಾನಗಿರಿಯಲ್ಲಿಯೂ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ವಿಲೀನವಾಯಿತು. ತಿರುವಾಂಕೂರು ಮತ್ತು ಕೊಚ್ಚಿಯ ಅಂಚಲುಗಳು ೧೯೫೧ರವರೆಗೂ ಬೇರೆಯಾಗಿ ಉಳಿದುವೆಂಬುದನ್ನು ಹೋಲಿಸಿ ನೋಡಿದರೆ, ಮೈಸೂರು ಎಷ್ಟು ಬೇಗನೆ ತನ್ನ ಹಳೆಯ ಸಂಸ್ಥೆಯನ್ನು ಬಿಟ್ಟುಕೊಟ್ಟಿತೆಂಬುದು ತಿಳಿಯುತ್ತದೆ. ಹತ್ತು ವರ್ಷಗಳ ಬಳಿಕ, ೧೮೯೯ರಲ್ಲಿ, ಬೀರೂರಿನಿಂದ ಶಿವಮೊಗ್ಗೆಗೆ ರೈಲುದಾರಿಯು ತೆರೆಯಿತು; ಟಪಾಲು ಚೀಲಗಳು ರೈಲನ್ನೇರಿದುವು. ಆ ದಾರಿಯ ನಡುವೆ ಭದ್ರೆಯ ದಡದಲ್ಲಿದ್ದ ಬೆಂಕಿಪುರವು ಭದ್ರಾವತಿಯಾಗಿ, ೧೯೨೩ರಲ್ಲಿ ಕಬ್ಬಿಣದ ಕಾರ್ಖಾನೆಯನ್ನೂ ೧೯೩೬ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಯನ್ನೂ ಪಡೆಯಿತು. ಊರಿನ ಹೆಸರು ಬದಲಾದಾಗ ಹಳೆಯ ಹೆಸರಿನ ಕಾಗದಗಳನ್ನೂ ಹೊಸ ಹೆಸರಿನ ಕಾಗದಗಳನ್ನೂ ಒಂದೇ ಊರಿನವೆಂದು ಅರಿಯುವ ಕೆಲಸವು ಅಂಚೆಯವರ ಮೇಲೆ ಬೀಳುತ್ತದೆ. ೨೦೧೪ರ ನವೆಂಬರಿನಲ್ಲಿ ಷಿಮೋಗ ಎಂಬ ಇಂಗ್ಲಿಷ್ ರೂಪವು ಹೋಗಿ ಶಿವಮೊಗ್ಗ ಎಂಬುದು ಅಧಿಕೃತವಾದಾಗಲೂ ಹೀಗೆಯೇ ಆಯಿತು. ೧೯೭೨ರಲ್ಲಿ ಬಂದ ಪಿನ್ ಕೋಡಿನಲ್ಲಿ ಮಾತ್ರ ಶಿವಮೊಗ್ಗೆಯ ೫೭೭೨೦೧, ಭದ್ರಾವತಿಯ ೫೭೭೩೦೧ ಎಂಬ ಅಂಕಿಗಳು ಹೆಸರಿನ ಗೊಡವೆಯಿಲ್ಲದೆ ನಿಂತಿವೆ. ಭದ್ರಾವತಿಯ ಕಾಗದದ ಕಾರ್ಖಾನೆಯು ೨೦೧೦ರ ದಶಕದಲ್ಲಿ ಉತ್ಪಾದನೆಯನ್ನು ನಿಲ್ಲಿಸಿತು; ೨೦೧೩ರ ಜುಲೈಯಲ್ಲಿ ದೇಶದ ತಂತಿ ಸೇವೆಯೂ ನಿಂತಿತು. ಬರೆವ ಕಾಗದವೂ ತಂತಿಯೂ ಹೀಗೆ ಹಿಂದೆ ಸರಿದ ಕಾಲದಲ್ಲಿ ಅವುಗಳ ಸ್ಥಾನವನ್ನು ಮಿಂಚಂಚೆಯು ಆಕ್ರಮಿಸಿತ್ತು.

ಮಿಂಚಂಚೆಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ೧೯೭೧ರಲ್ಲಿ ರೇ ಟಾಮ್ಲಿನ್ಸನ್ ಎಂಬವನು ಒಂದು ಯಂತ್ರದಿಂದ ಇನ್ನೊಂದಕ್ಕೆ ಪತ್ರ ಕಳುಹಿಸಿದುದನ್ನು ವರ್ಣಿಸಿ, ಮುಂದಿನದನ್ನು ಬೇಗಬೇಗನೆ ಮುಗಿಸಿಬಿಡುವರು. ಆದರೆ ಪ್ರಕೃತ ವಿಷಯಕ್ಕೆ ಉಪಯುಕ್ತವಾದ ಸಂಗತಿಗಳೆಲ್ಲ ಇರುವುದು ಆ ಮುಂದಿನದರಲ್ಲಿಯೇ. ೧೯೮೨ರಲ್ಲಿ ಜಾನ್ ಪೋಸ್ಟೆಲ್ ಎಂಬವನು ಪತ್ರವಿನಿಮಯದ ನಿಯಮಗಳನ್ನು ಗ್ರಂಥಸ್ಥಗೊಳಿಸಿದನು. ಅದರಲ್ಲಿ ಹಳೆಯ ಅಂಚೆಯ ಧರ್ಮವೇ ಇದೆ: ಒಂದು ಯಂತ್ರವು ಪತ್ರವನ್ನು ಸ್ವೀಕರಿಸಿ ಒಪ್ಪಿಗೆಯ ಸಂಖ್ಯೆಯನ್ನು ಹೇಳಿತೆಂದರೆ, ಅಲ್ಲಿಂದ ಮುಂದೆ ಅದನ್ನು ಮುಟ್ಟಿಸುವ, ಇಲ್ಲವೇ ಮುಟ್ಟಿಸಲಾಗಲಿಲ್ಲವೆಂದು ಕಳುಹಿಸಿದವನಿಗೆ ತಿಳಿಸುವ ಹೊಣೆಯು ಸ್ವೀಕರಿಸಿದ ಯಂತ್ರದ್ದು. ಮರುವರ್ಷ, ೧೯೮೩ರಲ್ಲಿ, ಪಾಲ್ ಮೊಕಾಪೆಟ್ರಿಸ್ ಎಂಬವನು ಡೊಮೇನ್ ಹೆಸರುಗಳ ವ್ಯವಸ್ಥೆಯನ್ನು ರೂಪಿಸಿದಾಗ ಪ್ರತಿಯೊಂದು ಹೆಸರಿನ ಎದುರಿಗೂ ಎರಡು ಬಗೆಯ ದಾಖಲೆಗಳನ್ನು ಬರೆಯಲು ಅವಕಾಶಕೊಟ್ಟನು. ಒಂದು, ಪತ್ರವು ಕೊನೆಗೆ ಸೇರಬೇಕಾದ ಯಂತ್ರದ್ದು. ಎರಡನೆಯದು, ಅದು ಸಿಕ್ಕದಿದ್ದಾಗ ಪತ್ರವನ್ನು ತೆಗೆದುಕೊಂಡು ಮುಂದೆ ಸಾಗಿಸುವ ಯಂತ್ರದ್ದು. ಅಂದರೆ ಒಡೆಯನಿಗೂ ಪ್ರತಿನಿಧಿಗೂ ಬೇರೆಬೇರೆ ಸಂಜ್ಞೆಗಳು. ಈ ವಿಂಗಡಣೆಯು ಬಹಳ ಕಾಲ ನಿಲ್ಲಲಿಲ್ಲ. ಕೇಳಿದ ಯಂತ್ರದ ನೆನಪಿನಲ್ಲಿ ಒಂದು ದಾಖಲೆಯು ಉಳಿದು ಇನ್ನೊಂದು ಉಳಿಯದೆ ಹೋಗುವ ತೊಡಕುಗಳು ಕಂಡುಬಂದುವು. ೧೯೮೬ರ ಜನವರಿಯಲ್ಲಿ ಎರಡನ್ನೂ ತೆಗೆದುಹಾಕಿ ಎಂಎಕ್ಸ್ ಎಂಬ ಒಂದೇ ದಾಖಲೆಯನ್ನು ತಂದರು. ಅದನ್ನು ಬಳಸುವ ಕ್ರಮವನ್ನು ವಿವರಿಸಿದವನು ಕ್ರೇಗ್ ಪಾರ್ಟ್ರಿಜ್.

ಎಂಎಕ್ಸ್ ದಾಖಲೆಯಲ್ಲಿ ಯಂತ್ರದ ಹೆಸರಿನೊಡನೆ ಒಂದು ಅಂಕಿಯಿರುತ್ತದೆ. ಅಂಕಿಯು ಚಿಕ್ಕದಾದಷ್ಟೂ ಮರ್ಯಾದೆಯು ದೊಡ್ಡದು. ಹತ್ತು ಎಂದಿರುವ ಯಂತ್ರವು ಉತ್ತರ ಕೊಡದಿದ್ದರೆ ಇಪ್ಪತ್ತು ಎಂದಿರುವುದನ್ನು ಕೇಳಬೇಕು. ಇಪ್ಪತ್ತರದ್ದು ಪತ್ರವನ್ನು ಸರತಿಯಲ್ಲಿಟ್ಟುಕೊಂಡು ಹತ್ತರದ್ದು ಎಚ್ಚತ್ತ ಮೇಲೆ ಅದಕ್ಕೆ ಒಪ್ಪಿಸುತ್ತದೆ. ತನ್ನ ಅಂಕಿಗೆ ಸಮನಾದ ಅಥವಾ ಅದಕ್ಕಿಂತ ಹೆಚ್ಚಿನ ಅಂಕಿಯ ಯಂತ್ರಕ್ಕೆ ಅದನ್ನು ಕೊಡಕೂಡದೆಂದೂ ವಿಧಿಯುಂಟು. ಇಲ್ಲವಾದರೆ ಇಬ್ಬರು ಅಂಚೆಯವರು ಒಂದೇ ಚೀಲವನ್ನು ಒಬ್ಬರಿಗೊಬ್ಬರು ಕೊಟ್ಟುಕೊಳ್ಳುತ್ತ ಹೊಳೆಯ ದಡದಲ್ಲಿಯೇ ಉಳಿದಾರು. ಈ ಎರಡನೆಯ ಯಂತ್ರವನ್ನೇ ಬ್ಯಾಕಪ್ ಮೇಲ್ ಸರ್ವರ್ ಎನ್ನುವರು.

ಇದು ಹುಟ್ಟಿದ ಕಾಲದಲ್ಲಿ ಇದರ ಅಗತ್ಯವು ಸಂದೇಹಾತೀತವಾಗಿತ್ತು. ಭಾರತದಲ್ಲಿ ೧೯೮೬ರಲ್ಲಿ ಆರಂಭವಾದ ಎರ್ನೆಟ್ ಯೋಜನೆಯಲ್ಲಿ ಐಐಟಿಗಳೊಡನೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿದ್ದಿತು. ಆಗ ಪತ್ರಗಳು ಟೆಲಿಫೋನ್ ತಂತಿಯ ಮೇಲೆ, ಒಂದು ಯಂತ್ರವು ಇನ್ನೊಂದನ್ನು ಕರೆದಾಗ ಮಾತ್ರ, ಕಟ್ಟುಕಟ್ಟಾಗಿ ಸಾಗುತ್ತಿದ್ದುವು. ೧೯೯೫ರ ಆಗಸ್ಟ್ ೧೫ರಂದು ಮಹಾನಗರಗಳಲ್ಲಿ ಸಾರ್ವಜನಿಕ ಇಂಟರ್ನೆಟ್ ಸೇವೆಯು ಮೊದಲಾಗಿ, ೧೯೯೮ರಲ್ಲಿ ಖಾಸಗಿಯವರಿಗೂ ಅನುಮತಿ ದೊರೆತು, ಜಿಲ್ಲಾ ಪಟ್ಟಣಗಳಿಗೆ ಡಯಲ್-ಅಪ್ ಸಂಪರ್ಕವು ಬಂದಾಗಲೂ ಗಿರಾಕಿಯ ಯಂತ್ರವು ದಿನದಲ್ಲಿ ಕೆಲವು ಘಳಿಗೆ ಮಾತ್ರ ಎಚ್ಚರವಾಗಿರುತ್ತಿತ್ತು. ಅಂತಹ ಗಿರಾಕಿಯ ಕಾಗದಗಳನ್ನು ಸೇವೆಗಾರನ ಸರ್ವರು ಹಿಡಿದಿಟ್ಟುಕೊಂಡಿರುವುದು, ಗಿರಾಕಿಯು ತಂತಿ ಸೇರಿಸಿ 'ಬಂದಿದ್ದೇನೆ' ಎಂದೊಡನೆ ಸರತಿಯನ್ನು ಸಡಿಲಿಸುವುದು, ಇದಕ್ಕೆಂದೇ ೧೯೯೬ರಲ್ಲಿ ಇಟಿಆರ್‌ಎನ್ ಎಂಬ ಆಜ್ಞೆಯನ್ನು ನಿಯಮಗಳಿಗೆ ಸೇರಿಸಿದರು. ಹೊಳೆಯ ಈಚೆ ದಡದಲ್ಲಿ ಚೀಲವು ಕಾದಿದ್ದಂತೆಯೇ ಇದೂ ಸಹ. ಆಗಿನ ಬ್ಯಾಕಪ್ ಸರ್ವರು ಆಪತ್ತಿಗಾಗಿ ಇಟ್ಟುದಲ್ಲ, ನಿತ್ಯಕೃತ್ಯಕ್ಕಾಗಿ ಇಟ್ಟುದು.

ಈಗಿನ ಪರಿಸ್ಥಿತಿಯು ಬೇರೆ. ಶಿವಮೊಗ್ಗೆಯಲ್ಲಿ ಒಬ್ಬನು ಒಂದು ಸರ್ವರನ್ನಿಟ್ಟುಕೊಂಡು ಒಂದು ಕಾಲೇಜು, ಒಂದು ಅಡಿಕೆ ಮಂಡಿ, ಇಬ್ಬರು ವಕೀಲರು ಇವರ ಡೊಮೇನುಗಳ ಪತ್ರಗಳನ್ನು ನೋಡಿಕೊಳ್ಳುತ್ತಿರುವನೆಂದು ದೃಷ್ಟಾಂತಕ್ಕಾಗಿ ಭಾವಿಸಿಕೊಳ್ಳಬಹುದು. ಅವನು ಭದ್ರಾವತಿಯಲ್ಲಿ ಎರಡನೆಯದೊಂದನ್ನು ಹೂಡಬೇಕೇ? ಹೂಡಬೇಕೆಂಬುದು ಪೂರ್ವಪಕ್ಷ. ಒಂದಕ್ಕಿಂತ ಎರಡು ಮೇಲು, ಒಂದು ಬಿದ್ದರೆ ಇನ್ನೊಂದು ನಿಲ್ಲುವುದು, ಹೀಗೆ ಅದರ ಯುಕ್ತಿ. ಈ ಯುಕ್ತಿಯು ಕೇಳುವುದಕ್ಕೆ ಹಿತವಾದುದು. ಆದರೆ ಒಂದು ಮುಖ್ಯಾಂಶವನ್ನು ಬಿಟ್ಟಿದೆ. ಒಡೆಯನ ಸರ್ವರು ಬಾಗಿಲು ಮುಚ್ಚಿದ್ದಾಗ ಪತ್ರವು ನಷ್ಟವಾಗುವುದಿಲ್ಲ. ಕಳುಹಿಸಿದ ಕಡೆಯ ಸರ್ವರೇ ಅದನ್ನು ತನ್ನ ಸರತಿಯಲ್ಲಿಟ್ಟುಕೊಂಡು ಮತ್ತೆ ಮತ್ತೆ ಯತ್ನಿಸುತ್ತದೆ. ೧೯೮೯ರ ನಿಯಮಗಳಲ್ಲಿಯೂ ೨೦೦೮ರ ಪರಿಷ್ಕೃತ ನಿಯಮಗಳಲ್ಲಿಯೂ ಈ ಯತ್ನವನ್ನು ನಾಲ್ಕೈದು ದಿನಗಳವರೆಗಾದರೂ ಬಿಡಬಾರದೆಂದು ಹೇಳಿದೆ. ಪೋಸ್ಟ್‌ಫಿಕ್ಸ್ ಎಂಬ ಪ್ರಸಿದ್ಧ ತಂತ್ರಾಂಶವು ತಾನಾಗಿಯೇ ಐದು ದಿನಗಳನ್ನು ಇಟ್ಟುಕೊಂಡಿದೆ. ಆದುದರಿಂದ ಒಂದೆರಡು ಹಗಲು ವಿದ್ಯುತ್ತು ಹೋದುದಕ್ಕೆ ಪ್ರತಿನಿಧಿಯ ಅಗತ್ಯವಿಲ್ಲ. ಪ್ರತಿನಿಧಿಯಿಂದ ಆಗುವ ವಿಶೇಷ ಲಾಭವು ಎರಡೇ: ಐದು ದಿನಗಳನ್ನು ಮೀರಿದ ಆಪತ್ತಿನಲ್ಲಿ ಅದನ್ನು ತಿಂಗಳವರೆಗೂ ಕಾಯುವಂತೆ ವಿಧಿಸಬಹುದು; ಒಡೆಯನು ಎದ್ದೊಡನೆ, ಪರರ ಸರತಿಯನ್ನು ಎದುರುನೋಡದೆ, ಎಲ್ಲವನ್ನೂ ಒಮ್ಮೆಲೆ ತರಿಸಿಕೊಳ್ಳಬಹುದು.

ಈ ಲಾಭವನ್ನಾದರೂ ಪಡೆಯಬೇಕಾದರೆ ಪ್ರತಿನಿಧಿಯು ಹೇಗಿರಬೇಕೆಂಬ ವಿಚಾರದಲ್ಲಿ ಪೂರ್ವಮೀಮಾಂಸೆಯು ಆಶ್ಚರ್ಯಕರವಾದ ರೀತಿಯಲ್ಲಿ ಉಪಯೋಗಕ್ಕೆ ಬರುತ್ತದೆ. ಜೈಮಿನಿಯ ಆರನೆಯ ಅಧ್ಯಾಯದ ಮೂರನೆಯ ಪಾದವು ಪ್ರತಿನಿಧಿಯ ವಿಷಯವಾಗಿಯೇ ಇದೆ. ವ್ರೀಹಿಯು ದೊರೆಯದಿದ್ದರೆ ನೀವಾರದಿಂದ ಕರ್ಮವನ್ನು ನಡೆಯಿಸಬಹುದು. ಏಕೆಂದರೆ ನೀವಾರವು ವ್ರೀಹಿಗೆ ಸದೃಶವಾದುದು. ಆದರೆ ಯಜ್ಞಕ್ಕೆ ನಿಷಿದ್ಧವಾದ ಉದ್ದು ಮೊದಲಾದ ಧಾನ್ಯಗಳನ್ನು ಎಷ್ಟೇ ಅಭಾವವಿದ್ದರೂ ತರಕೂಡದು. ಯಜಮಾನನಿಗೆ ಮಾತ್ರ ಪ್ರತಿನಿಧಿಯಿಲ್ಲ. ಫಲವು ಅವನಿಗೇ ಸಲ್ಲತಕ್ಕುದು. ಅನೇಕ ಯಜಮಾನರು ಕೂಡಿ ನಡೆಯಿಸುವ ಸತ್ರದಲ್ಲಿ ಒಬ್ಬನು ಬಿಟ್ಟುಹೋದರೆ ಇನ್ನೊಬ್ಬನನ್ನು ಸೇರಿಸಿಕೊಳ್ಳಬಹುದು. ಹಾಗೆ ಸೇರಿದವನಿಗೆ ಸ್ವಾಮಿತ್ವವಿಲ್ಲ, ಫಲವಿಲ್ಲ. ಆದರೂ ಯಜಮಾನನು ಆಚರಿಸಬೇಕಾದ ನಿಯಮಗಳನ್ನೆಲ್ಲ ಅವನು ಆಚರಿಸಲೇಬೇಕು.

ಈ ಕೊನೆಯ ಅಧಿಕರಣವೇ ಪ್ರಕೃತಕ್ಕೆ ಜೀವಾಳ. ಎರಡನೆಯ ಸರ್ವರಿಗೆ ಗಿರಾಕಿಯ ಪತ್ರದ ಮೇಲೆ ಯಾವ ಸ್ವಾಮಿತ್ವವೂ ಇಲ್ಲ. ಅದು ಪೆಟ್ಟಿಗೆಗೆ ಬಟವಾಡೆ ಮಾಡತಕ್ಕುದೂ ಅಲ್ಲ. ಆದರೂ ಮೊದಲನೆಯ ಸರ್ವರಿಗಿರುವ ನಿಯಮಗಳೆಲ್ಲವೂ ಅದಕ್ಕಿರಬೇಕು. ಬಹುಮಂದಿ ಸರ್ವರುದಾರರು ಇಲ್ಲಿಯೇ ತಪ್ಪುವರು. ಮೊದಲನೆಯದರಲ್ಲಿ ಕಳ್ಳಪತ್ರಗಳನ್ನು ತಡೆಯುವ ಜರಡಿಯನ್ನು ಶ್ರದ್ಧೆಯಿಂದ ಕಟ್ಟಿ, ಎರಡನೆಯದನ್ನು ಬರಿಯ ಉಗ್ರಾಣವೆಂದೆಣಿಸಿ ತೆರೆದಿಟ್ಟುಬಿಡುವರು. ಸ್ಪ್ಯಾಮ್ ಕಳುಹಿಸುವವರು ಇದನ್ನು ಬಹಳ ಬೇಗನೆ ಅರಿತುಕೊಂಡರು. ಮೊದಲನೆಯ ಸರ್ವರು ಎಚ್ಚರವಾಗಿದ್ದರೂ ಅವರು ಬೇಕೆಂದೇ ದೊಡ್ಡ ಅಂಕಿಯ ಸರ್ವರಿಗೆ ಹೋಗಿ ಸುರಿಯುವರು. ಹೆಬ್ಬಾಗಿಲಿನಲ್ಲಿ ಕಾವಲಿದ್ದರೆ ಹಿತ್ತಿಲ ಬಾಗಿಲಿಗೆ ಹೋದಂತೆ.

ಇದರಿಂದ ಇನ್ನೊಂದು ಅನರ್ಥವೂ ಹುಟ್ಟುತ್ತದೆ. ಕಾಲೇಜಿನಲ್ಲಿ ಯಾವ ಯಾವ ಹೆಸರಿನ ಪೆಟ್ಟಿಗೆಗಳಿವೆಯೆಂಬ ಪಟ್ಟಿಯು ಎರಡನೆಯ ಸರ್ವರಿನಲ್ಲಿ ಇಲ್ಲದಿದ್ದರೆ ಅದು ಇಲ್ಲದ ಹೆಸರಿಗೆ ಬಂದ ಪತ್ರವನ್ನೂ ಒಪ್ಪಿಕೊಳ್ಳುತ್ತದೆ. ಅನಂತರ ಮೊದಲನೆಯದು ತಿರಸ್ಕರಿಸುತ್ತದೆ. ಒಮ್ಮೆ ಒಪ್ಪಿಕೊಂಡವನಿಗೆ ಹೊಣೆಯು ತಪ್ಪದಾದುದರಿಂದ, ಎರಡನೆಯದು ಕಳುಹಿಸಿದವನೆಂದು ಬರೆದಿರುವ ವಿಳಾಸಕ್ಕೆ 'ಮುಟ್ಟಲಿಲ್ಲ' ಎಂದು ಬರೆಯುತ್ತದೆ. ಆ ವಿಳಾಸವಾದರೋ ಕಳ್ಳನದಲ್ಲ, ಏನೂ ಅರಿಯದ ಮೂರನೆಯವನದು. ಹೀಗೆ ನಿರಪರಾಧಿಗಳ ಮನೆಗೆ ಸುಳ್ಳು ವರದಿಗಳನ್ನು ಹಂಚುತ್ತ ಹೋದ ಸರ್ವರು ಕೆಲವೇ ದಿನಗಳಲ್ಲಿ ಲೋಕದ ನಿಷಿದ್ಧ ಪಟ್ಟಿಗಳಿಗೆ ಸೇರಿ, ನೀವಾರವಾಗಬೇಕಾದುದು ಉದ್ದಾಗಿಬಿಡುತ್ತದೆ. ಆದಕಾರಣ ಮಾಡತಕ್ಕುದೇನೆಂದರೆ: ಎರಡನೆಯ ಸರ್ವರು ತಾನು ಯಾವ ಡೊಮೇನುಗಳಿಗೆ ಪ್ರತಿನಿಧಿಯೋ ಅವುಗಳ ಪತ್ರಗಳನ್ನು ಮಾತ್ರ ತೆಗೆದುಕೊಳ್ಳಬೇಕು, ಆ ಡೊಮೇನುಗಳಲ್ಲಿಯೂ ನಿಜವಾಗಿ ಇರುವ ಹೆಸರುಗಳ ಪಟ್ಟಿಯನ್ನು ಮೊದಲನೆಯದರಿಂದ ಆಗಾಗ್ಗೆ ತರಿಸಿಕೊಂಡು ಬಾಗಿಲಿನಲ್ಲಿಯೇ ಪರೀಕ್ಷಿಸಬೇಕು, ಮೊದಲನೆಯದರ ಜರಡಿಯೇ ಇದಕ್ಕೂ ಇರಬೇಕು. ಮೊದಲನೆಯ ಸರ್ವರು ಸಹ ತನ್ನ ಪ್ರತಿನಿಧಿಯನ್ನು ಗುರುತಿಸಿ ಬಿಡಬೇಕು. ಇಲ್ಲದಿದ್ದರೆ, ಕಳುಹಿಸಿದವನ ಅಧಿಕೃತ ಯಂತ್ರದಿಂದ ಬಂದುದಲ್ಲವೆಂಬ ಕಾರಣದಿಂದ ಎಸ್‌ಪಿಎಫ್ ಪರೀಕ್ಷೆಯಲ್ಲಿ ಒಳ್ಳೆಯ ಪತ್ರಗಳೂ ಬಿದ್ದುಹೋಗುವುವು. ಇಷ್ಟನ್ನು ಮಾಡಲಾರದವನು ಪ್ರತಿನಿಧಿಯನ್ನು ಇಡದಿರುವುದೇ ಲೇಸು.

ಇನ್ನು ಸ್ಥಳದ ವಿಚಾರ. ಡೊಮೇನ್ ಹೆಸರುಗಳ ದಾಖಲೆಯನ್ನಿಟ್ಟ ಉಪ-ಸರ್ವರುಗಳ ವಿಷಯವಾಗಿ ೧೯೯೭ರಲ್ಲಿ ಬಂದ ಉಪದೇಶವೊಂದರಲ್ಲಿ, ಅವನ್ನು ಭೂಪ್ರದೇಶದಲ್ಲಿಯೂ ಜಾಲದ ಹಾದಿಯಲ್ಲಿಯೂ ದೂರದೂರವಾಗಿ ಇಡಬೇಕೆಂದಿದೆ. ಪತ್ರದ ಸರ್ವರಿಗೂ ಇದು ಅನ್ವಯಿಸುತ್ತದೆ. ಶಿವಮೊಗ್ಗೆಯು ತುಂಗೆಯ ಮೇಲೆ, ಭದ್ರಾವತಿಯು ಭದ್ರೆಯ ಮೇಲೆ. ಎರಡೂ ಬೇರೆ ಹೊಳೆಗಳೆಂದು ನೆಮ್ಮದಿಪಡಬಹುದು. ಆದರೆ ಆ ಎರಡು ಹೊಳೆಗಳೂ ಪಶ್ಚಿಮಘಟ್ಟದ ಒಂದೇ ಗಂಗಾಮೂಲದಲ್ಲಿ ಹುಟ್ಟಿ, ಒಂದೇ ಮುಂಗಾರಿನಲ್ಲಿ ತುಂಬಿ, ಕೂಡಲಿಯಲ್ಲಿ ಸೇರಿ ತುಂಗಭದ್ರೆಯಾಗುವುವು. ಒಂದರಲ್ಲಿ ಪ್ರವಾಹವಿದ್ದಾಗ ಇನ್ನೊಂದರಲ್ಲಿಯೂ ಇರುವ ಸಂಭವವೇ ಹೆಚ್ಚು. ಎರಡು ಊರುಗಳ ಸರ್ವರುಗಳೂ ಒಂದೇ ವಿದ್ಯುಜ್ಜಾಲದಿಂದ ಶಕ್ತಿಯನ್ನು ಪಡೆದು, ಒಂದೇ ಸೇವೆಗಾರನ ತಂತಿಯಿಂದ ಬೆಂಗಳೂರನ್ನು ಸೇರುತ್ತಿದ್ದರೆ ಅವು ಎರಡಲ್ಲ, ಒಂದೇ. ಇಪ್ಪತ್ತು ಕಿಲೋಮೀಟರಿನಷ್ಟು ಅಂತರವು ಮೈಲಿಗಲ್ಲಿನ ಲೆಕ್ಕಕ್ಕೆ ಮಾತ್ರ. ಭದ್ರಾವತಿಯ ಪ್ರತಿನಿಧಿಗೆ ಬೇರೆ ಸೇವೆಗಾರನ ಸಂಪರ್ಕವೂ ಸ್ವಂತದ ವಿದ್ಯುತ್ ಆಧಾರವೂ ಇದ್ದರೆ ಮಾತು ಬೇರೆ. ಇಲ್ಲದಿದ್ದರೆ ಅದನ್ನು ಹೊರ ರಾಜ್ಯದಲ್ಲಿ ಇಡುವುದು ಯುಕ್ತ.

ಹೊರ ರಾಜ್ಯದಲ್ಲಿಟ್ಟ ಪಕ್ಷದಲ್ಲಿ ವಿಲ್ಕ್ಸನು ಎತ್ತಿದ ಮಾತು ಮತ್ತೆ ಎದುರಾಗುತ್ತದೆ. ಪತ್ರಗಳು ಒಂದು ಸರ್ವರಿನಿಂದ ಇನ್ನೊಂದಕ್ಕೆ ಸಾಗುವಾಗ ಗೂಢಲಿಪಿಯ ಹೊದಿಕೆಯಿರಬಹುದು. ಸರತಿಯಲ್ಲಿ ಕಾದಿರುವಾಗ ಸಾಮಾನ್ಯವಾಗಿ ಅದು ಇರುವುದಿಲ್ಲ. ಯಂತ್ರದ ಯಜಮಾನನು ಬಯಸಿದರೆ ವಕೀಲರ ಕಾಗದವನ್ನು ಕಕ್ಷಿದಾರನಿಗಿಂತ ಮೊದಲು ಓದಬಲ್ಲನು. ಕಾಗದದ ಅಂಚೆಯನ್ನು ತಡೆದು ನೋಡುವ ಅಧಿಕಾರವನ್ನು ೧೮೯೮ರ ಅಂಚೆ ಶಾಸನವು ಸರ್ಕಾರಕ್ಕೆ ಕೊಟ್ಟಿತ್ತು. ಅದರ ಸ್ಥಾನದಲ್ಲಿ ೨೦೨೩ರಲ್ಲಿ ಬಂದ ಹೊಸ ಶಾಸನದಲ್ಲಿಯೂ ಆ ಅಧಿಕಾರವು ಮುಂದುವರಿಯಿತು. ಮಿಂಚಂಚೆಗೆ ೨೦೦೦ದ ಮಾಹಿತಿ ತಂತ್ರಜ್ಞಾನ ಶಾಸನವಿದೆ. ಶಾಸನವು ಸರ್ಕಾರಕ್ಕೆ ಕೊಟ್ಟ ಅಧಿಕಾರದ ಮಾತು ಇಲ್ಲಿ ಬೇಡ. ಸರ್ವರುದಾರನಿಗೆ ಶಾಸನದ ಬಲವೂ ಇಲ್ಲ, ಅರಸನ ನಿರೂಪವೂ ಇಲ್ಲ. ಆದರೂ ಚಾವಡಿಯ ಅಧಿಕಾರಿಗಿದ್ದ ಅವಕಾಶವು ಅವನಿಗಿದೆ. ಈ ಕಾರಣದಿಂದ ಗಿರಾಕಿಗೆ ತಿಳಿಸದೆ ಅವನ ಡೊಮೇನಿಗೆ ಪ್ರತಿನಿಧಿಯನ್ನು ಗೊತ್ತುಮಾಡುವುದು, ಬೆಲೆಯಿಲ್ಲದೆ ಮಾಡಿದ ಉಪಕಾರವೆಂದು ಹೇಳಿಕೊಂಡರೂ, ಧರ್ಮವಲ್ಲ. ಯಾರ ಕಾಗದವು ಎಲ್ಲಿ ಎಷ್ಟು ದಿನ ಕಾಯುವುದೆಂಬುದನ್ನು ಕರಾರಿನಲ್ಲಿಯೇ ಬರೆಯತಕ್ಕುದು.

ಕನ್ನಡಿಗರಿಗೆ ವಿಶೇಷವಾಗಿ ಸಂಬಂಧಿಸಿದ ಒಂದಂಶವುಂಟು. ಮಿಂಚಂಚೆಯ ಒಕ್ಕಣೆಯಲ್ಲಿ ಕನ್ನಡವನ್ನು ಬರೆಯುವುದಕ್ಕೆ ಬಹಳ ಹಿಂದೆಯೇ ಮಾರ್ಗವಾಯಿತು. ವಿಳಾಸದಲ್ಲಿ ಬರೆಯುವುದಕ್ಕೆ ೨೦೧೨ರ ನಿಯಮಗಳು ಬರಬೇಕಾಯಿತು. ಕೊನೆಯಲ್ಲಿ .ಭಾರತ ಎಂದು ಕನ್ನಡ ಲಿಪಿಯಲ್ಲಿಯೇ ಇರುವ ಡೊಮೇನುಗಳೂ ಈಗ ಉಂಟು. ಆದರೆ ಅಂತಹ ವಿಳಾಸದ ಪತ್ರವನ್ನು ತೆಗೆದುಕೊಳ್ಳಲು ದಾರಿಯಲ್ಲಿರುವ ಪ್ರತಿಯೊಂದು ಸರ್ವರೂ ಹೊಸ ನಿಯಮವನ್ನು ಒಪ್ಪಿರಬೇಕು. ತುಂಗೆಯ ದಡದ ಸರ್ವರು ಒಪ್ಪಿದ್ದು, ಪ್ರತಿನಿಧಿಯು ಒಪ್ಪದೆ ಇದ್ದರೆ, ಮೊದಲನೆಯದು ನಿಂತ ದಿನ ರೋಮನ್ ಲಿಪಿಯ ವಿಳಾಸದ ಕಾಗದಗಳೆಲ್ಲವೂ ಸರತಿಯಲ್ಲಿ ಉಳಿದು, ಕನ್ನಡ ವಿಳಾಸದವು ಮಾತ್ರ ಕಳುಹಿಸಿದವರಿಗೆ ಹಿಂದಿರುಗುವುವು.